ಅಮಾವಾಸ್ಯೆಯ ದಿನ ಬಂದ ಮೇಲ್

ಕಾನಹೊಸಹಳ್ಳಿಯಿಂದ ಫೋನ್ ಬಂದಾಗ ನಾನು ಕೊಟ್ಟೂರಿನ ನನ್ನ ಅಂಗಡಿಯಲ್ಲಿ ಒಂದು ಪ್ರಿಂಟರಿನೊಳಗೆ ಸಿಕ್ಕಿಕೊಂಡಿದ್ದ ಹಾಳೆಯನ್ನು ಎಳೆಯುತ್ತಾ ಕೂತಿದ್ದೆ. ಫೋನ್ ಮಾಡಿದವರು ಹುಣಸೆಹಣ್ಣಿನ ಕಂಪನಿಯ ಮ್ಯಾನೇಜರ್. ಸುತ್ತಿನ ರೈತರೇ ಸೇರಿ ಕಟ್ಟಿಕೊಂಡ ಕಂಪನಿ ಅದು. ಹಣ್ಣು ಕೊಂಡು, ಹೆಂಗಸರಿಂದ ಕುಟ್ಟಿಸಿ, ಬೀಜ ಬೇರೆ ಮಾಡಿಸಿ ಹೊರಗೆ ಮಾರುತ್ತಾರೆ. ಅವರ ಕಂಪ್ಯೂಟರಿನ ಕೆಲಸವೆಲ್ಲ ಮೊದಲಿನಿಂದಲೂ ನನ್ನದೇ.

“ಹೊಸಾ ಕಂಪ್ಯೂಟರ್ ತಂದೀವ್ರಿ ಮೇಡಂ. ಬ್ರೌಸರ್‌ನ್ಯಾಗ ಮೇಲ್ ತೆರಿಯೂದು ಭಾಳ ತಡ ಆಗ್ತತಿ. ತಾನ ಬಂದು ಕುಂದ್ರೂ ಹಂಗ ಒಂದು ಪ್ರೋಗ್ರಾಂ ಹಾಕಿಕೊಡ್ರಿ,” ಎಂದರು. ಆಗಲಿ ಎಂದೆ. ಅಷ್ಟಕ್ಕೆ ಫೋನ್ ಇಡಬಹುದಿತ್ತು. ಇಡಲಿಲ್ಲ. “ನಿನ್ನೆ ನಮ್ಮ ಹರಪನಹಳ್ಳಿ ಖರೀದಿ ಸೆಂಟರ್‌ನ್ಯಾಗ ನಿಮ್ಮ ನೆಗೆಣ್ಣಿ ಬಂದು ಹಾಕಿಕೊಟ್ರು ನೋಡ್ರಿ. ಚಾ ಬರೂದ್ರಾಗ ಮುಗಿಸಿಬಿಟ್ರು. ಭಾಳ ಚುರುಕು ಅದಾರ.”

ನೆಗೆಣ್ಣಿ ಎಂದರೆ ನನ್ನ ಮೈದುನನ ಹೆಂಡತಿ. ದಾವಣಗೆರೆ ಕಡೆಯ ಹುಡುಗಿ, ಮದುವೆಯಾಗಿ ಹರಪನಹಳ್ಳಿಗೆ ಬಂದವಳು. ಅವಳು ಬರುವ ತನಕ ನಮ್ಮ ಮನೆತನದಲ್ಲಿ ಕಂಪ್ಯೂಟರ್ ಬಿಚ್ಚಿ ಜೋಡಿಸುವ ಸೊಸೆ ಎಂದರೆ ನಾನೊಬ್ಬಳೇ. ಮದುವೆ ಮುಂಜಿಗಳಲ್ಲಿ ನೆಂಟರು ಕೆಟ್ಟ ಫೋನು ಹಿಡಿದುಕೊಂಡು ನನ್ನನ್ನೇ ಹುಡುಕಿ ಬರುತ್ತಿದ್ದರು. ಇವಳು ಬಂದಳು, ಮನೆಯಲ್ಲೇ ಕೂತು ಕಲಿತಳು, ಒಂದು ಸ್ಕೂಟಿ, ಒಂದು ಲ್ಯಾಪ್‌ಟಾಪ್ ಇಟ್ಟುಕೊಂಡು ಊರೆಲ್ಲ ಓಡಾಡತೊಡಗಿದಳು. ಈಗ ಅದೇ ನೆಂಟರು ನನ್ನ ಮುಂದೆಯೇ ಹಾದು ಅವಳ ಹತ್ತಿರ ಹೋಗುತ್ತಾರೆ. ಇದನ್ನು ಹೊಟ್ಟೆಕಿಚ್ಚು ಅನ್ನದೆ ಬೇರೆ ಚೆಂದದ ಹೆಸರಿನಿಂದ ಕರೆಯುವ ಆಸೆ ನನಗಿಲ್ಲ. ಅವಳ ಸ್ಕೂಟಿಯ ಬಣ್ಣ ಕಂಡರೂ ನನಗೆ ಮೈಯುರಿಯುತ್ತಿತ್ತು.

ಮರುದಿನ ಹೋದೆ. ಗೋದಾಮಿನ ಮೂಲೆಯಲ್ಲಿ ಪ್ಲೈವುಡ್ ನಿಲ್ಲಿಸಿ ಮಾಡಿದ ಆಫೀಸು. ಆಚೆ ಕಡೆ ಹೆಂಗಸರು ಸಾಲಾಗಿ ಕೂತು ಹಣ್ಣು ಕುಟ್ಟುತ್ತಿದ್ದರು. ಹುಳಿ ವಾಸನೆಗೆ ಬಾಯಲ್ಲಿ ನೀರೂರುತ್ತಿತ್ತು. ನಾನು ಚಹಾ ಬೇಡವೆಂದೆ. ಚಹಾ ಬರುವುದರೊಳಗೆ ಮುಗಿಸಬೇಕಲ್ಲ, ಬಾರದೇ ಇದ್ದರೆ ಚಿಂತೆಯಿಲ್ಲ.

ಕಂಪನಿಗೆ ಅದರದೇ ಹೆಸರಿನ ಮೇಲ್ ವಿಳಾಸವಿದೆ. ಅದನ್ನು ನಡೆಸಿಕೊಡುವ ಸಣ್ಣ ಹೋಸ್ಟಿಂಗ್‌ನವರು ಎಲ್ಲೋ ದೂರದಲ್ಲಿದ್ದಾರೆ. ವಿಳಾಸ, ಪಾಸ್‌ವರ್ಡ್ ಕೊಟ್ಟೆ. ಸರ್ವರನ್ನು ನಾನೇ ಹುಡುಕಿಕೊಳ್ಳುತ್ತೇನೆ ಎಂದು ಪ್ರೋಗ್ರಾಂ ಸುತ್ತಿ ಸುತ್ತಿ, ಕೊನೆಗೆ ಸಿಗಲಿಲ್ಲ ಎಂದು ಕೈಚೆಲ್ಲಿತು. ಒಳಬರುವ ಸರ್ವರ್, ಹೊರಹೋಗುವ ಸರ್ವರ್, ಪೋರ್ಟ್ ಎಲ್ಲವನ್ನೂ ಕೈಯಾರೆ ತುಂಬಿದೆ. ಪಾಸ್‌ವರ್ಡ್ ತಪ್ಪು ಎಂದಿತು. ಅದೇ ಪಾಸ್‌ವರ್ಡಿಗೆ ಬ್ರೌಸರಿನಲ್ಲಿ ಬಾಗಿಲು ತೆರೆಯುತ್ತಿತ್ತು. ಮತ್ತೆ ಮತ್ತೆ ಹಾಕಿ, ಸಿಟ್ಟು ಬಂದು, ಒಂದೊಂದೇ ಸಾಲು ಓದಿದಾಗ ಗೊತ್ತಾಯಿತು: ಬಳಕೆದಾರರ ಹೆಸರಿನ ಜಾಗದಲ್ಲಿ ಪ್ರೋಗ್ರಾಂ ವಿಳಾಸದ ಮೊದಲರ್ಧವನ್ನಷ್ಟೇ ತುಂಬಿಕೊಂಡಿತ್ತು, ಈ ಸರ್ವರಿಗೆ ಪೂರ್ತಿ ವಿಳಾಸವೇ ಬೇಕು. ಅದನ್ನು ಸರಿಮಾಡಿದರೆ ಮೇಲ್ ಬಂತು, ಆದರೆ ಕಳಿಸಿದ್ದು ಹೋಗಲಿಲ್ಲ. ಹಳೆಯ ಇಪ್ಪತ್ತೈದನೇ ಪೋರ್ಟನ್ನು ಇಂಟರ್ನೆಟ್‌ನವರು ಸಾಮಾನ್ಯವಾಗಿ ಮುಚ್ಚಿರುತ್ತಾರೆ. ಅದನ್ನು ೫೮೭ ಮಾಡಿ, ಹೊರಗೆ ಕಳಿಸುವಾಗಲೂ ಪಾಸ್‌ವರ್ಡ್ ಕೊಡು ಎಂದು ಗುರುತು ಹಾಕಿದ ಮೇಲೆ ಹೋಯಿತು.

ಖಾತೆಯನ್ನು ಐಮ್ಯಾಪ್ ಎಂಬ ರೀತಿಯಲ್ಲಿ ಹಾಕಿದೆ. ಅಂದರೆ ಮೇಲ್‌ಗಳೆಲ್ಲ ಸರ್ವರಿನಲ್ಲೇ ಉಳಿಯುತ್ತವೆ, ನಮ್ಮ ಪರದೆಯ ಮೇಲೆ ಕಾಣುವುದು ಅಲ್ಲಿರುವುದು ಮಾತ್ರ. ಅಲ್ಲಿ ಇದ್ದರೆ ಇಲ್ಲೂ ಇರುತ್ತದೆ, ಅಲ್ಲಿ ಹೋದರೆ ಇಲ್ಲೂ ಹೋಗುತ್ತದೆ. ನನ್ನ ಫೋನಿನಿಂದ ‘ಟೆಸ್ಟ್’ ಎಂದು ಒಂದು ಮೇಲ್ ಕಳಿಸಿದೆ. ಟಣ್ ಎಂದು ಬಂದು ಕೂತಿತು. ಮ್ಯಾನೇಜರ್ ಖುಷಿಯಾದರು. ಅಷ್ಟರಲ್ಲಿ ಬೇಡವೆಂದಿದ್ದ ಚಹಾವೂ ಬಂದಿತ್ತು, ಬಂದು ತಣ್ಣಗೂ ಆಗಿತ್ತು.

ಮುಂದಿನ ಸೋಮವಾರ ಮತ್ತೆ ಫೋನ್. “ಮೇಡಂ, ನೀವು ಹೋದಾಗಿಂದ ಒಂದಾದ್ರೂ ಮೇಲ್ ಬಂದಿಲ್ರಿ.” ಅವರ ದನಿ ಸಣ್ಣಗಾಗಿತ್ತು. ಮಸಾಲೆ ಪುಡಿ ಮಾಡುವ ಹೊರರಾಜ್ಯದ ಕಂಪನಿಯೊಂದು ಇವರ ಹುಣಸೆಹಣ್ಣಿನ ಮಾದರಿಯನ್ನು ಒಪ್ಪಿತ್ತು. ಇವರು ಈವರೆಗೆ ಕಂಡ ಎಲ್ಲಕ್ಕಿಂತ ದೊಡ್ಡ ಆರ್ಡರು. ಅದರ ಪತ್ರವನ್ನು ಮೇಲ್‌ನಲ್ಲಿ ಕಳಿಸಿದ್ದೇವೆ ಎಂದು ಅವರು ಹೇಳುತ್ತಿದ್ದರು, ಇಲ್ಲಿಗೆ ತಲುಪಿರಲಿಲ್ಲ. “ಶನಿವಾರ ಸಂಜಿ ಒಳಗ ಸಹಿ ಮಾಡಿ ಅದ ಮೇಲ್‌ಗೆ ಉತ್ತರ ಕೊಡ್ಬೇಕಂತ. ಇಲ್ಲಾಂದ್ರ ಬ್ಯಾರೆ ಕಡೆ ತಗೊಂತೀವಿ ಅಂದಾರ. ಎರಡು ಸಲ ಕಳಿಸಿದ್ರು. ಮೂರನೇ ಸಲ ಕೇಳಾಕ ನನಗ ಮಾರಿ ಇಲ್ರಿ. ಈ ಆರ್ಡರ್ ಹೋದ್ರ ಹೆಣ್ಮಕ್ಕಳನ್ನ ಮುಂದಿನ ವಾರ ಮನಿಗೆ ಕಳಿಸ್ಬೇಕಾಗ್ತತಿ.”

ಹೋದೆ. ಇನ್‌ಬಾಕ್ಸ್ ಖಾಲಿ. ಬೇಡದ ಮೇಲ್‌ಗಳ ಫೋಲ್ಡರ್ ಖಾಲಿ. ಬ್ರೌಸರಿನಲ್ಲಿ ಸರ್ವರಿಗೇ ಹೋಗಿ ನೋಡಿದೆ, ಅದೂ ಖಾಲಿ. ಸರ್ವರಿನಲ್ಲೇ ಇಲ್ಲವೆಂದ ಮೇಲೆ ತಪ್ಪು ನನ್ನ ಪ್ರೋಗ್ರಾಮಿನದಲ್ಲ ಎಂದು ಸ್ವಲ್ಪ ಧೈರ್ಯ ಬಂತು. ಹೋಸ್ಟಿಂಗ್‌ನವರಿಗೆ ಫೋನ್ ಹಚ್ಚಿದೆ. ಸಂಗೀತ ಕೇಳಿಸಿ ಕೇಳಿಸಿ ಕೊನೆಗೆ ಒಬ್ಬಾತ, ನಮ್ಮ ಕಡೆಯಿಂದ ಎಲ್ಲವೂ ತಲುಪಿದೆ, ನಿಮ್ಮ ಕಂಪ್ಯೂಟರೇ ತೆಗೆದುಕೊಂಡಿದೆ, ಅಲ್ಲೇ ನೋಡಿ ಎಂದ. ಆ ಮಾತನ್ನು ಇನ್ನೊಮ್ಮೆ ಬಿಡಿಸಿ ಕೇಳಬೇಕಿತ್ತು. ಕೈ ತೊಳೆದುಕೊಳ್ಳುತ್ತಿದ್ದಾನೆ ಎಂದುಕೊಂಡು ನಾನೇ ಬೈದು ಇಟ್ಟೆ.

ಆಂಟಿವೈರಸ್ ಮೇಲ್‌ಗಳನ್ನು ನುಂಗುತ್ತಿರಬಹುದೆಂದು ಅದರ ಮೇಲ್ ತಪಾಸಣೆಯನ್ನು ನಿಲ್ಲಿಸಿದೆ. ಪ್ರೋಗ್ರಾಮನ್ನು ಕಿತ್ತುಹಾಕಿ ಹೊಸದಾಗಿ ಹಾಕಿದೆ. ಟೆಸ್ಟ್ ಮೇಲ್ ಕಳಿಸಿದೆ, ಬಂತು. ಇನ್ನೊಂದು ಕಳಿಸಿದೆ, ಅದೂ ಬಂತು. ಮೂರನೆಯದನ್ನು ಕಳಿಸಿ ಮ್ಯಾನೇಜರಿಗೆ ತೋರಿಸೋಣವೆಂದು ಕರೆದೆ. ಅವರು ಕನ್ನಡಕ ಹಾಕಿಕೊಂಡು ಬಗ್ಗಿದರು. “ಎಲ್ಲೈತ್ರಿ?” ಎಂದರು. ಇರಲಿಲ್ಲ. ನನ್ನ ಕಣ್ಣೆದುರೇ ಇದ್ದ ಮೂರೂ ಮೇಲ್‌ಗಳು ಮಾಯವಾಗಿದ್ದವು.

“ಹಿಂಗ ಆಗ್ತತ್ರಿ ಮೇಡಂ. ಮೊನ್ನೆ ನಾನೂ ಒಂದು ನೋಡಿದೆ. ಬಂತು, ನೋಡ್ತಿದ್ದಂಗ ಹೋತು. ನಿಮಗ ಹೇಳಿದ್ರ ನಗ್ತೀರಂತ ಹೇಳಿಲ್ಲ.”

ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ. ಸರ್ವರಿನಲ್ಲಿ ಹೋದರೆ ಇಲ್ಲೂ ಹೋಗುತ್ತದೆ, ಸರಿ. ಆದರೆ ಸರ್ವರಿನಿಂದ ಅಳಿಸುತ್ತಿರುವವರು ಯಾರು? ಯಾರೋ ಪಾಸ್‌ವರ್ಡ್ ಕದ್ದಿದ್ದಾರೆ ಎಂದು ನನ್ನ ತಲೆ ಓಡಿತು. ಮ್ಯಾನೇಜರ್ ಮೆಲ್ಲಗೆ, “ನಿಮ್ಮ ನೆಗೆಣ್ಣಿಗೆ ಒಂದು ಫೋನ್ ಹಚ್ಚಿ ಕೇಳ್ರಲ್ಲ. ಅಲ್ಲಿ ಏನೂ ತೊಂದ್ರಿ ಇಲ್ಲಂತ,” ಎಂದರು.

“ಅಲ್ಲೀದು ಬ್ಯಾರೆ, ಇಲ್ಲೀದು ಬ್ಯಾರೆ ಸರ್,” ಎಂದೆ. ಬೇರೆಯೋ ಒಂದೇಯೋ ನಾನು ಕೇಳಿರಲಿಲ್ಲ. ಅವಳು ಮಾಡಿದ ಕೆಲಸದ ಬಗ್ಗೆ ನನ್ನ ಬಾಯಿಂದ ಒಂದು ಪ್ರಶ್ನೆಯೂ ಬರಬಾರದು ಎನ್ನುವ ಹಟ. ಕೇಳಿದರೆ ಅವಳಿಗೆ ಗೊತ್ತಿದೆ, ನನಗೆ ಗೊತ್ತಿಲ್ಲ ಎಂದು ಒಪ್ಪಿದಂತೆ. ಅವಳು ಆ ಕಡೆಯಿಂದ “ಅಯ್ಯೋ ಅದಾ ಅಕ್ಕ, ಹಿಂಗೆ ಮಾಡಿ” ಎಂದು ನಗುತ್ತಾ ಹೇಳುವುದು ಫೋನ್ ಮಾಡುವ ಮೊದಲೇ ನನ್ನ ಕಿವಿಗೆ ಕೇಳುತ್ತಿತ್ತು.

“ಬುಧವಾರದ ತನಕ ನೋಡೂಣ್ರಿ. ಆಗಲಿಲ್ಲಾಂದ್ರ ಆಕಿನ್ನ ಕರಸ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ,” ಎಂದರು ಮ್ಯಾನೇಜರ್. ಒಳ್ಳೆಯ ಮನುಷ್ಯ. ಒಳ್ಳೆಯ ಮಾತಿನಲ್ಲೇ ಹೇಳಿದರು. ನನಗೆ ಮಾತ್ರ ಕೆನ್ನೆಗೆ ಹೊಡೆದಂತಾಯಿತು.

ಪಾಸ್‌ವರ್ಡ್ ಬದಲಿಸೋಣವೆಂದರೆ ಅದಕ್ಕೆ ಬೇಕಾದ ಅಡ್ಮಿನ್ ಪುಟದ ಲಿಂಕನ್ನು ಹೋಸ್ಟಿಂಗ್‌ನವರು ಹೊಸದಾಗಿ ಕೊಡಬೇಕಿತ್ತು. ಅವರು ಅದನ್ನು ಅದೇ ಮೇಲ್ ವಿಳಾಸಕ್ಕೇ ಕಳಿಸುತ್ತೇವೆ ಎಂದರು. ಕಳಿಸಿದರು, ಅದೂ ಮಾಯ. ಮ್ಯಾನೇಜರ್ ಫೋನ್ ಮಾಡಿ ಬೇಡಿಕೊಂಡ ಮೇಲೆ ಅವರ ಮೊಬೈಲಿಗೆ ಕಳಿಸಲು ಒಪ್ಪಿದರು, ಗುರುವಾರ ನೋಡೋಣ ಎಂದರು. ಬುಧವಾರ ಹಾಗೆಯೇ ಕಳೆಯಿತು. ಅವರು ನೆಗೆಣ್ಣಿಗೆ ಫೋನ್ ಮಾಡಿದರೋ ಇಲ್ಲವೋ ಎಂದು ದಿನವೆಲ್ಲ ನನಗೆ ಅದೇ ಯೋಚನೆ.

ಗುರುವಾರ ಅಮಾವಾಸ್ಯೆ. ಬೆಳಿಗ್ಗೆ ಅಂಗಡಿ ತೊಳೆದು ಬಾಗಿಲಿಗೆ ನೀರು ಹಾಕುತ್ತಿದ್ದೆ, ಮ್ಯಾನೇಜರ್ ಫೋನ್ ಮಾಡಿ ಕೂಗಿದರು: “ಬಂದಾವ್ರೀ ಮೇಡಂ! ಗಂಟಿ ಹೊಡಿತಾನ ಐತಿ. ಬಂದಾವು, ನಿಂತಾವು, ಹೋಗವಲ್ವು!”

“ಆರ್ಡರ್ ಬಂತೇನ್ರಿ?”

“ಅದು ಬಂದಿಲ್ಲ. ಬ್ಯಾರೆ ಎಲ್ಲಾ ಬರಾಕತ್ತಾವು. ಇವತ್ತ ಕಂಪ್ಯೂಟರಿಗೆ ಪೂಜಿ ಮಾಡಿದೆ ನೋಡ್ರಿ. ವಿಭೂತಿ ಹಚ್ಚಿ, ಕಾಯಿ ಒಡದು, ನಿಂಬಿಹಣ್ಣು ಇಟ್ಟೆ. ಅದಕ್ಕ ಬಂದಾವು.”

ಇಷ್ಟು ದಿನ ನಾನು ಬಡಿದಾಡಿದ್ದು ಏನೂ ಅಲ್ಲ, ಒಂದು ನಿಂಬೆಹಣ್ಣು ಕೆಲಸ ಮಾಡಿತು. ನೆಗೆಣ್ಣಿಯ ಮೇಲಿದ್ದ ಹೊಟ್ಟೆಕಿಚ್ಚು ಅರ್ಧ ದಿನದ ಮಟ್ಟಿಗೆ ನಿಂಬೆಹಣ್ಣಿನ ಮೇಲೆ ಹೋಯಿತು ಎಂದರೆ ನೀವು ನಗಬಹುದು. ಆದರೆ ನಿಂಬೆಹಣ್ಣಿಗೂ ಇದಕ್ಕೂ ಸಂಬಂಧವಿಲ್ಲವೆಂದು ಗೊತ್ತಿದ್ದರೂ, ಸಂಬಂಧ ಯಾವುದಕ್ಕಿದೆ ಎಂದು ನನಗೆ ಹೊಳೆಯಲಿಲ್ಲ.

ಶುಕ್ರವಾರ ಬೆಳಿಗ್ಗೆ ಅವರದೇ ಫೋನ್, ದನಿ ಮತ್ತೆ ಸಣ್ಣಗೆ. “ನಿನ್ನೆ ಬಂದವೂ ಹೋಗ್ಯಾವ್ರಿ. ನಾ ಆಫೀಸಿಗೆ ಬರೂದ್ರಾಗ ಎಲ್ಲಾ ಬರಿದು.”

ಇದ್ದಬದ್ದ ಕೆಲಸ ಬಿಟ್ಟು ಬಸ್ಸು ಹಿಡಿದೆ. ನಿಂಬೆಹಣ್ಣು ಇನ್ನೂ ಪರದೆಯ ಕೆಳಗೆ ಇತ್ತು. ಮ್ಯಾನೇಜರನ್ನು ಎದುರಿಗೆ ಕೂರಿಸಿಕೊಂಡು ಕೇಳತೊಡಗಿದೆ. ನಿನ್ನೆ ಏನು ಬೇರೆ ಇತ್ತು? ಕರೆಂಟು? ಎಂದಿನಂತೆ. ಇಂಟರ್ನೆಟ್? ಎಂದಿನಂತೆ. ಆಫೀಸಿಗೆ ಯಾರು ಬಂದಿದ್ದರು? “ಯಾರೂ ಇಲ್ರಿ. ಅಮಾಸಿ ದಿನ ಹೆಣ್ಮಕ್ಕಳು ಬರೂದಿಲ್ಲ. ತೂಕಾನೂ ಇಲ್ಲ. ಅಮಾಸಿಗೆ ತಕ್ಕಡಿ ಮುಟ್ಟೂದಿಲ್ಲಲ್ರಿ ನಾವು. ಹರಪನಹಳ್ಳಿ ಸೆಂಟರ್‌ನೂ ಬಂದ್.”

“ಹರಪನಹಳ್ಳಿ ಕಂಪ್ಯೂಟರ್?”

“ಸೆಂಟರ್ ಬಾಗಲಾನ ತೆಗದಿಲ್ಲ ಅಂದ್ಮ್ಯಾಲ ಕಂಪ್ಯೂಟರ್ ಯಾರ್ ಹಚ್ತಾರ?”

ಆಗ ಕೇಳಿದೆ, ಮೊದಲ ದಿನವೇ ಕೇಳಬೇಕಿದ್ದ ಪ್ರಶ್ನೆಯನ್ನು. ಹರಪನಹಳ್ಳಿಯಲ್ಲಿ ಹಾಕಿರುವುದು ಯಾವ ವಿಳಾಸ?

“ಇದಾ ವಿಳಾಸ. ನಮಗ ಇರೂದ ಒಂದಲ್ರಿ. ಎಲ್ಲಾರೂ ನೋಡ್ಲಿ ಅಂತ ಪಾಸ್‌ವರ್ಡ್ ನಾನ ಕೊಟ್ಟೀನಿ.”

ಹೊಳೆಯಿತು. ಅಲ್ಲಿ ಖಾತೆಯನ್ನು ಪಾಪ್ ಎಂಬ ಹಳೆಯ ರೀತಿಯಲ್ಲಿ ಹಾಕಿದ್ದಾಳೆ. ಅದು ಸರ್ವರಿನಲ್ಲಿರುವ ಮೇಲ್‌ಗಳನ್ನು ತನ್ನ ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತದೆ. ಒಂದು ನಕಲನ್ನು ಸರ್ವರಿನಲ್ಲೂ ಬಿಡು ಎಂದು ಒಂದು ಚೌಕದಲ್ಲಿ ಗುರುತು ಹಾಕಬೇಕು. ಹಾಕದಿದ್ದರೆ ಇಳಿಸಿಕೊಂಡ ಕೂಡಲೇ ಅಲ್ಲಿಂದ ಗುಡಿಸಿ ಸ್ವಚ್ಛ ಮಾಡಿಬಿಡುತ್ತದೆ. ಹರಪನಹಳ್ಳಿಯಲ್ಲಿ ತೂಕ ಬೆಳಗಿನ ತಂಪಿನಲ್ಲೇ ಶುರು, ಕಂಪ್ಯೂಟರ್ ಹಚ್ಚುವುದೂ ಆಗಲೇ. ಕಾನಹೊಸಹಳ್ಳಿಯ ಆಫೀಸು ತೆರೆಯುವುದು ಹೊತ್ತೇರಿದ ಮೇಲೆ. ರಾತ್ರಿ ಬಂದಿದ್ದೆಲ್ಲ ಅಷ್ಟರಲ್ಲಿ ಅಲ್ಲಿಗೆ ಇಳಿದಿರುತ್ತಿತ್ತು. ಹಗಲು ಬಂದದ್ದು ಇಲ್ಲಿ ಒಂದು ಗಳಿಗೆ ಕಂಡು, ಅಲ್ಲಿನ ಪ್ರೋಗ್ರಾಂ ಮುಂದಿನ ಸಲ ನೋಡಿದಾಗ ಅದೂ ಅಲ್ಲಿಗೆ. ಹೋಸ್ಟಿಂಗ್‌ನವನು ಹೇಳಿದ್ದು ನಿಜವೇ. ಕಂಪ್ಯೂಟರೇ ತೆಗೆದುಕೊಂಡಿತ್ತು, ನನ್ನದಲ್ಲ, ಅವಳದು.

ಊಹೆ ಸಾಲದು, ಪರೀಕ್ಷಿಸಬೇಕು. ಮ್ಯಾನೇಜರಿಂದ ಸೆಂಟರಿನಲ್ಲಿ ಹಣ್ಣು ತೂಗಿ ಕೊಳ್ಳುವ ತೂಕದವರಿಗೆ ಫೋನ್ ಮಾಡಿಸಿ ಅಲ್ಲಿನ ಕಂಪ್ಯೂಟರ್ ಬಂದ್ ಮಾಡಿಸಿದೆ. ಟೆಸ್ಟ್ ಕಳಿಸಿದೆ. ಬಂತು, ನಿಂತಿತು. ನಾವಿಬ್ಬರೂ ರೆಪ್ಪೆ ಮಿಟುಕಿಸದೆ ನೋಡಿದೆವು. ಕದಲಲಿಲ್ಲ. ಈಗ ಹಚ್ಚಲು ಹೇಳಿ ಎಂದೆ. ಸ್ವಲ್ಪ ಹೊತ್ತಿಗೆ ಮೇಲ್ ಮಾಯ. ಫೋನಿನಲ್ಲಿ ತೂಕದವರು, “ಟೆಸ್ಟ್ ಅಂತ ಒಂದು ಬಂದೈತೆ ಸಾರ್,” ಎಂದರು.

“ಆ ಆರ್ಡರಿನ ಮೇಲ್ ಬಂದೈತೇನಲೇ ಅಲ್ಲಿ?” ಮ್ಯಾನೇಜರ್ ಕೂಗಿದರು.

“ದಪ್ಪ ಅಕ್ಷರದಾಗೆ ಇಂಗ್ಲಿಷ್‌ನಾಗೆ ಭಾಳ ಅದಾವೆ ಸಾರ್. ನಿಮ್ಮ ಹೆಸರಿಗೆ ಬಂದಿದ್ದು ನಾನ್ಯಾಕೆ ತೆಗೀಲಿ ಅಂತ ಮುಟ್ಟಿಲ್ಲ. ನೀವೂ ಅಲ್ಲಿ ನೋಡ್ತಿರ್ತೀರಂತ ಮಾಡಿದ್ದೆ.”

ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ! ಆರ್ಡರ್ ಸಿಕ್ಕಿತೆಂದಲ್ಲ. ತಪ್ಪು ಅವಳದು ಎಂದು. ಚಹಾ ಬರುವುದರೊಳಗೆ ಮುಗಿಸಿದ ಕೆಲಸವಂತೆ, ಚುರುಕಂತೆ. ಒಂದು ಚೌಕ ನೋಡದೆ ಎದ್ದು ಹೋಗಿದ್ದಾಳೆ ಚುರುಕಿನವಳು! ಎದ್ದು ಕುಣಿಯಬೇಕು ಅನ್ನಿಸಿತು.

“ನಿಮ್ಮ ನೆಗೆಣ್ಣಿ ಊರಾಗ ಅದಾರಲ್ಲ, ಹೋಗಿ ಕಳಿಸಿಕೊಡು ಅಂದ್ರ ಇವತ್ತ ಮುಗೀತು,” ಎಂದರು ಮ್ಯಾನೇಜರ್.

ಅದು ಸರಿಯಾದ ದಾರಿ. ಒಂದು ಫೋನ್, ಅವಳ ಸ್ಕೂಟಿಗೆ ಹತ್ತಿರದ ದಾರಿ, ಆರ್ಡರ್ ಆವತ್ತೇ ಬರುತ್ತಿತ್ತು. ಆದರೆ ಅವಳು ಹೋಗಿ ಆ ಚೌಕಕ್ಕೆ ಸದ್ದಿಲ್ಲದೆ ಗುರುತು ಹಾಕಿ, ಮೇಲ್ ಕಳಿಸಿ, “ಆಯ್ತು ಸರ್” ಎಂದುಬಿಟ್ಟರೆ? ಇಷ್ಟು ದಿನ ನಾನು ಸೋತ ಕೆಲಸವನ್ನು ಅವಳು ಮತ್ತೊಂದು ಚಹಾದೊಳಗೆ ಮುಗಿಸಿದಳು ಎಂದು ಊರು ಆಡಿಕೊಳ್ಳುತ್ತದೆ. “ಬ್ಯಾಡ್ರಿ. ಯಾರೂ ಏನೂ ಮುಟ್ಟೂದು ಬ್ಯಾಡ. ಕಂಪ್ಯೂಟರ್ ಬಂದ್ ಮಾಡಿಸ್ರಿ. ನಾಳೆ ಬೆಳಿಗ್ಗೆ ನಾನ ಹೋಗ್ತೀನಿ,” ಎಂದೆ. ಮ್ಯಾನೇಜರ್ ಗೋಡೆಯ ಕ್ಯಾಲೆಂಡರ್ ನೋಡಿದರು. ನಾಳೆ ಶನಿವಾರ.

ಅವರು ಆಚೆ ಹೋದಾಗ ಇನ್ನೊಂದು ಕೆಲಸಕ್ಕೂ ಕೈ ಹಾಕಿದ್ದೆ. ಅಡ್ಮಿನ್ ಪುಟದ ಲಿಂಕ್ ಅವರು ಮೇಜಿನ ಮೇಲೆ ಬಿಟ್ಟುಹೋದ ಮೊಬೈಲಿಗೆ ಬಂದಿತ್ತು. ಪಾಸ್‌ವರ್ಡ್ ಬದಲಿಸಿಬಿಟ್ಟರೆ ಹರಪನಹಳ್ಳಿಯ ಯಂತ್ರ ಹೊರಗೆ ಬೀಳುತ್ತದೆ. ಕೆಂಪು ಅಕ್ಷರದಲ್ಲಿ ತಪ್ಪು ತಪ್ಪು ಎಂದು ಬಡಿದುಕೊಳ್ಳುತ್ತದೆ, ಅವಳು ಬಂದು ತಲೆ ಕೆರೆದುಕೊಳ್ಳಬೇಕು. ಹೊಸ ಪಾಸ್‌ವರ್ಡನ್ನು ಬರೆದೂ ಆಗಿತ್ತು. ಒತ್ತಲಿಲ್ಲ. ಒಳ್ಳೆಯ ಬುದ್ಧಿ ಬಂದು ಅಲ್ಲ. ಆರ್ಡರಿನ ಮೇಲ್ ಈಗಾಗಲೇ ಅಲ್ಲಿ ಇಳಿದುಹೋಗಿತ್ತು, ಪಾಸ್‌ವರ್ಡ್ ಬದಲಿಸಿದರೆ ಅದು ವಾಪಸ್ಸು ಬರುವುದಿಲ್ಲ.

ಶನಿವಾರ ಮೊದಲ ಬಸ್ಸಿಗೆ ಹರಪನಹಳ್ಳಿಗೆ ಹೋದೆ. ದಾರಿಯುದ್ದಕ್ಕೂ ಅವಳಿಗೆ ಹೇಳಬೇಕಾದ ಮಾತು ಜೋಡಿಸಿದೆ. ಸಿಟ್ಟು ತೋರಿಸಬಾರದು, ದೊಡ್ಡವಳಂತೆ ತಣ್ಣಗೆ ಹೇಳಬೇಕು: ನೋಡವ್ವಾ, ಕೆಲಸ ಬೇಗ ಮಾಡುವುದು ದೊಡ್ಡದಲ್ಲ. ಅದೂ ತೂಕದವರ ಎದುರಿಗೇ.

ಸೆಂಟರಿನಲ್ಲಿ ಚೀಲಗಳ ನಡುವೆ ಒಂದು ಮೇಜು, ಅದರ ಮೇಲೆ ಕಂಪ್ಯೂಟರ್. ಹಚ್ಚುವ ಮೊದಲು ಇಂಟರ್ನೆಟ್ ತಂತಿಯನ್ನು ಕಿತ್ತೆ, ಇನ್ನಷ್ಟು ಎಳೆದುಕೊಳ್ಳದಿರಲಿ ಎಂದು. ಪ್ರೋಗ್ರಾಂ ತೆರೆದರೆ ಎಲ್ಲವೂ ಅಲ್ಲಿದ್ದವು. ಆರ್ಡರ್, ಅದರ ಎರಡನೇ ಸಲದ ಪ್ರತಿ, ಎಚ್ಚರಿಕೆಯ ಮೇಲ್, ನನ್ನ ಟೆಸ್ಟುಗಳ ದಂಡು. “ನಿಮ್ಮ ಟೆಸ್ಟ್ ಎಲ್ಲಾ ಚೆನ್ನಾಗಿ ಬರ್ತಿದ್ವು ಮೇಡಂ,” ಎಂದರು ತೂಕದವರು, ನನಗೆ ಸಮಾಧಾನವಾಗಲೆಂದು. ಮೊದಲ ಕೆಲಸ, ಆ ಮೇಲ್‌ಗಳಿರುವ ಫೋಲ್ಡರನ್ನು ಹಾಗೆಯೇ ಪೆನ್‌ಡ್ರೈವಿಗೆ ನಕಲು ಮಾಡಿಕೊಂಡೆ. ಏನೇ ಮಾಡುವ ಮೊದಲು ನಕಲು ತೆಗೆ, ನನ್ನ ಕಸುಬಿನಲ್ಲಿ ನಾನು ತಪ್ಪದ ನೇಮ ಇದೊಂದೇ. ಆಮೇಲೆ ಸೆಟ್ಟಿಂಗ್ ತೆರೆದೆ. ಅಂದುಕೊಂಡಂತೆಯೇ ಪಾಪ್. ಚೌಕ ಖಾಲಿ.

ಹೊರಗೆ ಸ್ಕೂಟಿ ನಿಂತ ಸದ್ದು. ಯಂತ್ರ ಹಾಕಿಕೊಟ್ಟವಳು ಇರಲಿ ಎಂದು ತೂಕದವರೇ ಕರೆದಿದ್ದರಂತೆ. “ಅಕ್ಕಾ, ಬಸ್ಸಲ್ಲಿ ಬಂದ್ರಾ? ಹೇಳಿದ್ರೆ ಬಸ್‌ಸ್ಟ್ಯಾಂಡಿಗೆ ಬರ್ತಿದ್ನಲ್ಲ,” ಎನ್ನುತ್ತಾ ಒಳಗೆ ಬಂದಳು, ಹೆಗಲಿಗೆ ಲ್ಯಾಪ್‌ಟಾಪ್ ಚೀಲ. ನಾನು ಪರದೆಯನ್ನು ಅವಳ ಕಡೆ ತಿರುಗಿಸಿ ಆ ಚೌಕದ ಮೇಲೆ ಬೆರಳಿಟ್ಟೆ. ಕಾನಹೊಸಹಳ್ಳಿಯಲ್ಲಿ ಏನಾಗುತ್ತಿತ್ತೆಂದು ಹೇಳಿದೆ. ಜೋಡಿಸಿಕೊಂಡ ಮಾತು ತುದಿನಾಲಿಗೆಯಲ್ಲಿತ್ತು.

ಅವಳು ಬಗ್ಗಿ ನೋಡಿದಳು. ಮುಖ ಕೆಂಪಾಯಿತು. “ಅಯ್ಯೋ, ಇದನ್ನ ನಾನೇ ಬಿಟ್ಟಿದೀನಕ್ಕ,” ಎಂದಳು. ಫೋನ್ ತೆಗೆದು ಅಲ್ಲೇ ನಿಂತು ಮ್ಯಾನೇಜರಿಗೆ ಹಚ್ಚಿದಳು. “ಸರ್, ಇಷ್ಟು ದಿನ ನಿಮ್ಮ ಮೇಲ್ ಹೋಗ್ತಿದ್ದಿದ್ದು ನನ್ನ ತಪ್ಪಿಂದ. ಅಕ್ಕಂದೇನೂ ಇಲ್ಲ. ಕಂಡುಹಿಡಿದಿದ್ದೂ ಅಕ್ಕನೇ.”

ಅಷ್ಟೇ. ಸರ್ವರಿನಲ್ಲಿ ಜಾಗ ಕಡಿಮೆ, ಅದಕ್ಕೇ ತೆಗೆದೆ ಎನ್ನಬಹುದಿತ್ತು. ಆಫೀಸಿನಲ್ಲೂ ಇದೇ ವಿಳಾಸ ಎಂದು ನನಗೆ ಯಾರೂ ಹೇಳಲಿಲ್ಲ ಎನ್ನಬಹುದಿತ್ತು, ಅದು ನಿಜವೂ ಆಗಿತ್ತು. ಒಂದನ್ನೂ ಹೇಳಲಿಲ್ಲ. ಬಸ್ಸಿನುದ್ದಕ್ಕೂ ಕಟ್ಟಿಕೊಂಡು ಬಂದ ನನ್ನ ಮಾತಿಗೆ ಈಗ ಕೆಲಸವೇ ಇರಲಿಲ್ಲ. ಅವಳ ಮೇಲೆ ನನಗೆ ಅಷ್ಟು ಸಿಟ್ಟು ಎಂದೂ ಬಂದಿರಲಿಲ್ಲ.

ಕೆಲಸಕ್ಕೆ ಕೂತೆ. ಇಲ್ಲಿಯೂ ಖಾತೆಯನ್ನು ಐಮ್ಯಾಪ್ ಆಗಿ ಹಾಕಿ, ಇಳಿದಿದ್ದ ಮೇಲ್‌ಗಳನ್ನು ಎಳೆದು ಸರ್ವರಿನ ಇನ್‌ಬಾಕ್ಸಿಗೆ ಹಾಕುವುದು. ಆಗ ಅವು ಕಾನಹೊಸಹಳ್ಳಿಯಲ್ಲೂ ಕಾಣುತ್ತವೆ. ಪಾಪ್ ಖಾತೆಯನ್ನು ನಿಲ್ಲಿಸಿ, ತಂತಿ ಸಿಕ್ಕಿಸಿ, ಹೊಸ ಖಾತೆ ಹಾಕಿ ಮೊದಲ ಮೇಲನ್ನು ಎಳೆಯಬೇಕು, ಕರೆಂಟು ಹೋಯಿತು. “ಶನಿವಾರ ಅಲ್ವಾ, ಲೈನ್ ಕೆಲಸ. ಸಾಯಂಕಾಲ ಬರ್ತೈತೆ,” ಎಂದರು ತೂಕದವರು. ಯುಪಿಎಸ್ ಒಮ್ಮೆ ಕಿರುಚಿ ಸುಮ್ಮನಾಯಿತು. ನಿನ್ನೆಯೇ ಒಂದು ಫೋನ್ ಮಾಡಿದ್ದರೆ ಮುಗಿಯುತ್ತಿದ್ದ ಕೆಲಸ. ಕಪ್ಪು ಪರದೆಯಲ್ಲಿ ನನ್ನ ಮುಖವೇ ಕಾಣುತ್ತಿತ್ತು. ಗೋದಾಮಿನ ಹೆಂಗಸರ ನೆನಪಾಗಿ ಮೊದಲ ಬಾರಿಗೆ ನಿಜವಾಗಿ ಹೆದರಿದೆ.

“ನಕಲು ತೆಗೆದಿದೀರಾ ಅಕ್ಕ?” ಎಂದಳು. ಪೆನ್‌ಡ್ರೈವ್ ಕೊಟ್ಟೆ. ಅವಳ ಲ್ಯಾಪ್‌ಟಾಪಿನಲ್ಲಿ ಚಾರ್ಜ್ ಇತ್ತು, ಅದೇ ಮೇಲ್ ಪ್ರೋಗ್ರಾಂ ಇತ್ತು. ಫೋನಿನಿಂದ ಇಂಟರ್ನೆಟ್ ಕೊಟ್ಟಳು. ಫೋಲ್ಡರನ್ನು ಎಲ್ಲಿ ಇಟ್ಟರೆ ಪ್ರೋಗ್ರಾಂ ಅದನ್ನು ಗುರುತು ಹಿಡಿಯುತ್ತದೆ ಎಂದು ನಾನು ಹೇಳಿದೆ, ನಾನು ಹೇಳಿ ಮುಗಿಸುವ ಮೊದಲೇ ಅವಳ ಬೆರಳು ಅಲ್ಲಿತ್ತು. ಸರ್ವರಿನ ವಿವರಗಳನ್ನು ಹೇಳಿದೆ, ಬಳಕೆದಾರರ ಹೆಸರಿಗೆ ಪೂರ್ತಿ ವಿಳಾಸ ಹಾಕು ಎಂದೆ. “ಹೂಂ ಅಕ್ಕ, ಅದು ಗೊತ್ತಾಗೋಕೇ ನಂಗೆ ಅವತ್ತು ಅಷ್ಟೊತ್ತು ಹಿಡೀತು,” ಎಂದಳು. ಚಹಾ ಬರುವುದರೊಳಗೆ ಮುಗಿದಿರಲಿಲ್ಲ ಹಾಗಾದರೆ. ಅದೊಂದು ಮಾತು ಕೇಳಿ ನನಗೆ ಎಷ್ಟು ಹಿತವಾಯಿತು! ಆದರೂ ಅವಳ ಬೆರಳುಗಳ ಓಟ ನೋಡುತ್ತಾ ಪಕ್ಕದಲ್ಲಿ ಕೂತಿರುವುದು ಸುಲಭವಿರಲಿಲ್ಲ.

ಆರ್ಡರನ್ನು ಮೊದಲು ಎಳೆದು ಹಾಕಿಸಿದೆ. ಮ್ಯಾನೇಜರಿಗೆ ಫೋನ್ ಮಾಡಿದೆ. “ಬಂತ್ರಿ!” ಎಂದರು. ಹೋಗುತ್ತದೆಯೋ ಎಂದು ಫೋನ್ ಇಡದೆ ನೋಡುತ್ತಿದ್ದರು. ಹೋಗಲಿಲ್ಲ. ಅಚ್ಚು ಹಾಕಿ, ಸಹಿ ಮಾಡಿ, ಸ್ಕ್ಯಾನ್ ಮಾಡಿ, ಅದೇ ಮೇಲ್‌ಗೆ ಉತ್ತರ ಕಳಿಸಿದರು. ಮಧ್ಯಾಹ್ನದ ಊಟದ ಹೊತ್ತಿಗೆ ಆ ಕಡೆಯಿಂದ ಸಿಕ್ಕಿತು ಎಂದು ತಿರುಗಿ ಮೇಲ್ ಬಂತು. ಲ್ಯಾಪ್‌ಟಾಪಿನಲ್ಲಿ ನಾವಿಬ್ಬರೂ ಅದನ್ನು ಓದಿದೆವು. ಅವಳು ಊಟಕ್ಕೆ ಕರೆದಳು. ಅಂಗಡಿ ನೋಡಬೇಕು ಎಂದು ಹೇಳಿ ಬಸ್ಸು ಹತ್ತಿದೆ.

ಊರು ದಾಟುವಷ್ಟರಲ್ಲಿ ಮ್ಯಾನೇಜರ್ ಫೋನ್. ಹೊಗಳಿದರು, ನಾನು ಕೇಳಿಸಿಕೊಂಡೆ. ಆಮೇಲೆ ದನಿ ತಗ್ಗಿಸಿದರು. “ಒಂದು ಮಾತು ಕೇಳ್ತೀನಿ ಮೇಡಂ. ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಎಲ್ಲಾ ಕಡೆ ಸೆಂಟರ್ ತೆಗಿಯಾಕತ್ತೀವಿ. ಕಂಪ್ಯೂಟರ್ ಕೆಲಸ ಪೂರಾ ನಿಮ್ಮ ನೆಗೆಣ್ಣಿಗೆ ಕೊಡೂಣ ಅಂತ ಕಮಿಟಿಯಾಗ ಮಾತಾಗಿತ್ತು. ಸ್ಕೂಟಿ ಐತಿ, ತಿರಗ್ತಾಳ ಅಂತ. ಈಗ ಹಿಂಗಾತು. ನೀವು ಬ್ಯಾಡ ಅಂದ್ರ ಬ್ಯಾಡ. ಆಕಿನ್ನ ನಂಬಬೌದೇನ್ರಿ?”

ಮಾತಾಗಿತ್ತಂತೆ. ಕೊಟ್ಟೂರನ್ನೂ ಸೇರಿಸಿ, ನನ್ನ ಅಂಗಡಿಯ ಮುಂದಿನ ಬೀದಿಯನ್ನೂ ಸೇರಿಸಿ. ಇನ್ನೊಂದು ಸಲ ನೋಡಿ ಕೊಡ್ರಿ ಎಂದರೆ ಸಾಕಿತ್ತು. ಸುಳ್ಳೂ ಅಲ್ಲ, ಚಾಡಿಯೂ ಅಲ್ಲ, ಆ ಚೌಕ ಖಾಲಿ ಇದ್ದದ್ದು ನಿಜವೇ. ಬಾಯಿ ತೆರೆದೆ. ಆಗ ಅವಳು ಫೋನ್ ಹಿಡಿದು ನಿಂತದ್ದು ಕಣ್ಣಿಗೆ ಬಂತು. ಅವಳ ಜಾಗದಲ್ಲಿ ನಾನಿದ್ದಿದ್ದರೆ ಏನು ಹೇಳುತ್ತಿದ್ದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಹೋಸ್ಟಿಂಗ್‌ನವರ ಹೆಸರು ಹೇಳುತ್ತಿದ್ದೆ, ಕರೆಂಟಿನ ಹೆಸರು ಹೇಳುತ್ತಿದ್ದೆ, ಯಾರೂ ನೋಡದಾಗ ಆ ಚೌಕಕ್ಕೆ ಗುರುತು ಹಾಕುತ್ತಿದ್ದೆ. ಅವಳ ಬೆರಳಿನ ಓಟವನ್ನು ನಾನೂ ಕಲಿಯಬಹುದು. ಇದನ್ನು ಎಲ್ಲಿಂದ ತರಲಿ?

“ಆಕಿಗೇ ಕೊಡ್ರಿ ಸರ್,” ಎಂದೆ. “ತಪ್ಪು ಮಾಡಿದ್ರ ತಾನ ಫೋನ್ ಮಾಡಿ ಹೇಳ್ತಾಳ. ನಾನಾಗಿದ್ರ ಹೇಳ್ತಿದ್ದಿಲ್ಲ.”

ಮ್ಯಾನೇಜರ್ ಜೋರಾಗಿ ನಕ್ಕರು. “ಏನ್ ಚ್ಯಾಷ್ಟಿ ಮಾಡ್ತೀರಿ ಮೇಡಂ!” ಎಂದರು. ನಾನೂ ನಕ್ಕಂತೆ ಮಾಡಿ ಫೋನ್ ಇಟ್ಟೆ. ಕೊಟ್ಟೂರು ಬರುವ ತನಕ ಹೊಟ್ಟೆ ಉರಿಯುತ್ತಲೇ ಇತ್ತು.